ಮರ ಹತ್ತುವ ಯಂತ್ರ ಮತ್ತು ಕಣಕಾಲಿನ ಚರ್ಮ

ಕಳೆದ ಬೇಸಗೆಯಲ್ಲಿ ನಮ್ಮ ತೋಟಕ್ಕೆ ತೆಂಗಿನಕಾಯಿ ಕೊಯ್ಯಲು ಬಂದ ಹುಡುಗನೊಬ್ಬ ಮಧ್ಯಾಹ್ನ ಜಗಲಿಯಲ್ಲಿ ಕೂತು ಪ್ಯಾಂಟನ್ನು ಮೆಲ್ಲಗೆ ಮೇಲೆತ್ತಿದ. ಎರಡೂ ಕಣಕಾಲಿನ ಮುಂಭಾಗದಲ್ಲಿ, ಪಾದದಿಂದ ಒಂದು ಗೇಣು ಮೇಲೆ, ಎರಡು ಬೆರಳಗಲದ ಚರ್ಮ ಎದ್ದುಹೋಗಿತ್ತು. ರಕ್ತ ಸುರಿಯುತ್ತಿರಲಿಲ್ಲ. ಕೆಂಪಗಾದ ಜಾಗದಲ್ಲಿ ನೀರು ಒಸರಿ, ಅದಕ್ಕೆ ಪ್ಯಾಂಟಿನ ನೂಲು ಅಂಟಿಕೊಂಡಿತ್ತು. ಅವನು ಯಂತ್ರದಲ್ಲಿ ಮರ ಹತ್ತಲು ಕಲಿತು ಆಗ ಮೂರು ವಾರ. “ಮರದ ಹೆದರಿಕೆ ಇಲ್ಲ ಅಣ್ಣ, ಈ ಉರಿಗೇ ಕೆಲಸ ಬಿಟ್ಟುಬಿಡುವ ಅಂತ ಕಾಣ್ತದೆ” ಎಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಕಾಸರಗೋಡಿನ ಎಷ್ಟೋ ಮನೆಗಳ ಕೊಟ್ಟಿಗೆಯ ಮೂಲೆಯಲ್ಲಿ ಮರ ಹತ್ತುವ ಯಂತ್ರ ತುಕ್ಕು ಹಿಡಿಯುತ್ತಿರುವುದನ್ನು ನೋಡಿದ್ದೇನೆ. ಕೇಳಿದರೆ “ಅಭ್ಯಾಸ ಆಗಲಿಲ್ಲ” ಎನ್ನುತ್ತಾರೆ. ಅಭ್ಯಾಸ ಆಗದಿರುವುದಕ್ಕೆ ಎತ್ತರದ ಭಯವೊಂದೇ ಕಾರಣವಲ್ಲ, ಕಾಲಿನ ಚರ್ಮವೂ ಕಾರಣ. ಅದರ ಬಗ್ಗೆ ಯಾರೂ ಗಂಭೀರವಾಗಿ ಮಾತಾಡುವುದಿಲ್ಲ.

ನಮ್ಮ ಹಿರಿಯರು ಎರಡೂ ಪಾದಗಳಿಗೆ ತಳೆ ಹಾಕಿ, ಮರವನ್ನು ಅಪ್ಪಿಕೊಂಡು ಹತ್ತುತ್ತಿದ್ದರು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಅವರ ಪಾದ ಜಡ್ಡುಗಟ್ಟಿರುತ್ತಿತ್ತು. ಆ ಪೀಳಿಗೆ ಕಡಿಮೆಯಾಗುತ್ತಾ ಬಂದಾಗ ನೆರವಿಗೆ ಬಂದದ್ದು ಪಕ್ಕದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಎಂ.ಜೆ. ಜೋಸೆಫ್ ರೂಪಿಸಿದ ಯಂತ್ರ. ಇಂದಿಗೂ ಅದಕ್ಕೆ ಚೆಂಬೇರಿ ಮಾದರಿ ಎಂದೇ ಹೆಸರು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಯೋಜನೆ ಶುರು ಮಾಡಿದ ಮೇಲೆ ಈ ಯಂತ್ರ ಊರೂರಿಗೆ ಹೋಯಿತು. ಹೆಂಗಸರೂ ತೆಂಗಿನ ಮರ ಹತ್ತತೊಡಗಿದರು. 1916ರಲ್ಲಿ ಮದ್ರಾಸ್ ಸರಕಾರದ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾದ ನಮ್ಮ ಸಿಪಿಸಿಆರ್‌ಐಯಲ್ಲಿಯೂ ಈ ತರಬೇತಿ ನಡೆದಿದೆ.

ಯಂತ್ರವೆಂದರೆ ಎಂಜಿನ್ ಇಲ್ಲ, ಬರೀ ಕಬ್ಬಿಣದ ಎರಡು ಚೌಕಟ್ಟುಗಳು, ಎಡಗಾಲಿಗೊಂದು, ಬಲಗಾಲಿಗೊಂದು. ಪ್ರತಿಯೊಂದರ ಕೆಳಗೆ ಪಾದ ಇಡುವ ಮೆಟ್ಟು, ಮೇಲೆ ಕೈಹಿಡಿ, ಮರವನ್ನು ಸುತ್ತಿ ಕೊಂಡಿಗೆ ಸಿಕ್ಕಿಸುವ ಉಕ್ಕಿನ ಹಗ್ಗ. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತು, ಇನ್ನೊಂದರ ಕೈಹಿಡಿಯನ್ನೂ ಪಾದವನ್ನೂ ಒಟ್ಟಿಗೆ ಎತ್ತಿದರೆ ಆ ಬದಿಯ ಹಗ್ಗ ಸಡಿಲಾಗಿ ಮೇಲೆ ಜಾರುತ್ತದೆ. ಅದರ ಮೇಲೆ ನಿಂತ ಕೂಡಲೇ ಮತ್ತೆ ಬಿಗಿಯುತ್ತದೆ.

ಹೇಗೆ ಬಿಗಿಯುತ್ತದೆ ಎಂಬುದರಲ್ಲಿ ಒಂದು ಸೊಗಸಾದ ಭೌತಶಾಸ್ತ್ರವಿದೆ. ಹಳೆಯ ಮೇಜಿನ ಖಾನೆಯನ್ನು ನಡುವಿನಿಂದ ಎಳೆಯದೆ ಒಂದು ಮೂಲೆ ಹಿಡಿದು ಎಳೆದರೆ ಅದು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಎಳೆದಷ್ಟೂ ಜೋರಾಗಿ ಕಚ್ಚಿಕೊಳ್ಳುತ್ತದೆ. ಮರದ ಮೇಲೂ ಇದೇ ನಡೆಯುವುದು. ಪಾದ ಇರುವುದು ಮರದಿಂದ ಹೊರಕ್ಕೆ. ಅಲ್ಲಿ ಭಾರ ಬಿದ್ದಾಗ ಚೌಕಟ್ಟು ಕೆಳಕ್ಕೆ ವಾಲಲು ನೋಡುತ್ತದೆ. ಆಗ ಹಗ್ಗ ಮರದ ಆಚೆ ಬದಿಯನ್ನು ಎಳೆದು ಹಿಡಿದರೆ, ಚೌಕಟ್ಟು ಅದಕ್ಕಿಂತ ತಗ್ಗಿನಲ್ಲಿ ಈಚೆ ಬದಿಯನ್ನು ಒತ್ತುತ್ತದೆ. ಈ ಎರಡು ಒತ್ತುಗಳಿಂದ ಹುಟ್ಟುವ ಘರ್ಷಣೆಯೇ ಮನುಷ್ಯನನ್ನು ಹೊತ್ತುಕೊಳ್ಳುವುದು. ಲೆಕ್ಕ ಹಾಕಿದರೆ ಮನುಷ್ಯನ ತೂಕ ಸಮೀಕರಣದ ಎರಡೂ ಕಡೆ ಬಂದು ಹೊಡೆದುಹೋಗುತ್ತದೆ! ಐವತ್ತು ಕಿಲೋ ಇದ್ದವನಿಗೂ ತೊಂಬತ್ತು ಕಿಲೋ ಇದ್ದವನಿಗೂ ಹಿಡಿತದ ನಿಯಮ ಒಂದೇ. ಉಳಿಯುವುದು ಮೂರು ಸಂಗತಿ: ಪಾದ ಮರದ ನಡುವಿನಿಂದ ಎಷ್ಟು ದೂರ, ಎರಡು ಹಿಡಿತಗಳ ನಡುವೆ ಎತ್ತರ ಎಷ್ಟು, ಮರದ ಮೈ ಎಷ್ಟು ಒರಟು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮರ ಅಪಾಯಕಾರಿಯಾಗುವುದು ಈ ಮೂರನೆಯದು ಕೈಕೊಡುವುದರಿಂದ.

ಯಂತ್ರ ಮರವನ್ನು ಬಿಗಿಯಾಗಿ ಹಿಡಿಯಬೇಕಾದರೆ ಪಾದ ಹೊರಗಿರಬೇಕು. ಪಾದಕ್ಕೂ ಮರಕ್ಕೂ ನಡುವೆ ಕಬ್ಬಿಣದ ಸರಳು ನಿಲ್ಲಬೇಕು. ಆ ಸರಳಿನ ಎದುರಿಗೇ ಬರುವುದು ನಮ್ಮ ಕಣಕಾಲು. ಒಂದು ಹೆಜ್ಜೆಗೆ 30 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಹನ್ನೆರಡು ಮೀಟರಿನ ತೆಂಗಿನ ಮರಕ್ಕೆ ಒಂದೊಂದು ಕಾಲನ್ನೂ ಹತ್ತುವಾಗ 40 ಸಲ, ಇಳಿಯುವಾಗ 40 ಸಲ ಎತ್ತಿ ಇಡಬೇಕು. ದಿನಕ್ಕೆ ಮೂವತ್ತು ಮರವಾದರೆ ಒಂದೇ ಜಾಗ 2,400 ಸಲ ಸರಳಿಗೆ ಒರೆಸಿಕೊಳ್ಳುತ್ತದೆ.

ಅದೂ ಎಂಥ ಜಾಗ! ಕಣಕಾಲಿನ ಮುಂಭಾಗವನ್ನು ಬೆರಳಿನಿಂದ ಒತ್ತಿ ನೋಡಿ. ಚರ್ಮದ ಕೆಳಗೆ ನೇರ ಎಲುಬೇ ಸಿಗುತ್ತದೆ, ನಡುವೆ ಮಾಂಸದ ಮೆತ್ತೆ ಇಲ್ಲ. ಎಲುಬಿನ ಮೇಲ್ಪೊರೆಯಲ್ಲಿ ನರಗಳು ದಟ್ಟವಾಗಿವೆ. ಕತ್ತಲಲ್ಲಿ ಮಂಚದ ಕಾಲಿಗೆ ತಾಗಿದಾಗ ಜೀವ ಹೋಗುವುದು ಅದಕ್ಕೇ. ಮೇಲಿನ ಚರ್ಮವೂ ತೆಳು. ಅಂಗೈ, ಅಂಗಾಲಿನಂತಹ ದಪ್ಪ ಚರ್ಮ ಉಜ್ಜಿದಾಗ ಹೊರಪದರ ಗಟ್ಟಿಯಾಗಿ ಉಳಿದು, ಒಳಪದರ ಹರಿದು, ನಡುವೆ ನೀರು ತುಂಬಿ ಬೊಕ್ಕೆ ಏಳುತ್ತದೆ. ತೆಳು ಚರ್ಮಕ್ಕೆ ಬೊಕ್ಕೆ ಕಟ್ಟುವಷ್ಟು ಗಟ್ಟಿ ಮುಚ್ಚಳವೇ ಇಲ್ಲ, ಅದು ತರಚಿ ಹೋಗುತ್ತದೆ. ಬೆವರಿನಿಂದ ಚರ್ಮ ತೇವವಾದಾಗ ಘರ್ಷಣೆ ಇನ್ನೂ ಹೆಚ್ಚು. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿಗೆ ಬರವಿಲ್ಲ.

ಗುಲ್ಮಾರ್ಗಿನ ಹಿಮದಲ್ಲಿ ಕಾಲಿಗೆ ಹಲಗೆ ಕಟ್ಟಿ ಜಾರುವವರಿಗೂ ಇದೇ ಜಾಗದಲ್ಲಿ ಇದೇ ಗಾಯ ಆಗುತ್ತದೆ. ಅವರ ಬೂಟು ಮೀನಖಂಡದ ಅರ್ಧದವರೆಗೆ ಬರುವ ಗಡಸು ಬೂಟು. ಅದರೊಳಗೆ ಹಿಮ್ಮಡಿ ಎದ್ದಾಗಲೆಲ್ಲ ಕಣಕಾಲು ಬೂಟಿನ ಮುಂದಿನ ನಾಲಗೆಗೆ ಉಜ್ಜುತ್ತದೆ. ನೋವಾಯಿತೆಂದು ಒಂದರ ಮೇಲೊಂದು ದಪ್ಪ ಕಾಲುಚೀಲ ತುರುಕುವವರ ಗಾಯ ವಾಸಿಯಾಗುವುದಿಲ್ಲ. ಹಿಮ್ಮಡಿ ಏಳದಂತೆ ಬೂಟನ್ನು ಸರಿಯಾಗಿ ಕಟ್ಟಿಕೊಂಡವರದು ವಾಸಿಯಾಗುತ್ತದೆ. ಚರ್ಮವನ್ನು ಕೀಳುವುದು ಒತ್ತಡಕ್ಕಿಂತ ಹೆಚ್ಚಾಗಿ ಜಾರಾಟ.

ಆ ಹುಡುಗನ ಯಂತ್ರವನ್ನು ನೋಡಿದೆ. ಪಾದದ ಮೇಲಿನ ಪಟ್ಟಿ ಸಡಿಲವಾಗಿತ್ತು. ಎತ್ತುವಾಗ ಪಾದ ಮೊದಲು ಪಟ್ಟಿಯೊಳಗೆ ಮೇಲೇರಿ, ಆಮೇಲೆ ಚೌಕಟ್ಟು ಏಳುತ್ತಿತ್ತು. ಆ ನಡುವಿನ ಒಂದಂಗುಲದಲ್ಲೇ ಕಣಕಾಲು ಸರಳಿಗೆ ಉಜ್ಜುತ್ತಿತ್ತು. ಸಾಲದ್ದಕ್ಕೆ ಅವನು ಸರಳಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದ್ದ, ಮೆತ್ತಗಿರಲಿ ಎಂದು. ಇದು ಎಲ್ಲರೂ ಮಾಡುವ ತಪ್ಪು. ರಬ್ಬರು ಪೆಟ್ಟನ್ನು ತಗ್ಗಿಸುತ್ತದೆ ನಿಜ, ಆದರೆ ಬೆವರಿದ ಚರ್ಮವನ್ನು ಕಬ್ಬಿಣಕ್ಕಿಂತ ಹೆಚ್ಚು ಹಿಡಿದೆಳೆಯುತ್ತದೆ. ರಬ್ಬರು ಇರಬೇಕಾದದ್ದು ಮರಕ್ಕೆ ತಾಗುವ ಕಡೆ, ಕಾಲಿಗೆ ತಾಗುವ ಕಡೆ ಅಲ್ಲ.

ಟ್ಯೂಬ್ ಬಿಚ್ಚಿಸಿದೆವು. ಪಟ್ಟಿಗೆ ಹೊಸ ತೂತು ಹಾಕಿ ಪಾದ ಅಲುಗದಂತೆ ಬಿಗಿದೆವು. ಮೊಣಕಾಲಿನವರೆಗೆ ಬರುವ ತೆಳುವಾದ ಎರಡು ಜೊತೆ ಕಾಲುಚೀಲ, ಅದರ ಮೇಲೆ ಫುಟ್‌ಬಾಲ್ ಆಡುವವರ ಶಿನ್ ಗಾರ್ಡ್. ತೃಕ್ಕರಿಪುರದ ಕಡೆ ಫುಟ್‌ಬಾಲ್ ಹುಚ್ಚು ಇರುವುದರಿಂದ ನಮ್ಮ ಜಿಲ್ಲೆಯಲ್ಲಿ ಅದು ಸುಲಭವಾಗಿ ಸಿಗುವ ವಸ್ತು. ಗಾರ್ಡಿನ ನುಣುಪು ಪ್ಲಾಸ್ಟಿಕ್ ಕಾಲಿನ ಜೊತೆಗೇ ಚಲಿಸುತ್ತದೆ. ಜಾರಾಟ ನಡೆದರೂ ಪ್ಲಾಸ್ಟಿಕ್ಕಿಗೂ ಸರಳಿಗೂ ನಡುವೆ, ಇಲ್ಲವೇ ಎರಡು ಕಾಲುಚೀಲಗಳ ನಡುವೆ. ಚರ್ಮದ ಪಾಲಿಗೆ ಬರುವುದು ತೀರಾ ಕಡಿಮೆ. ಗಾಯ ಒಣಗುವವರೆಗೆ ಒಂದು ವಾರ ಮರ ಹತ್ತಬೇಡ ಎಂದೆ. ಐದು ದಿನಕ್ಕೆ ಬಂದ. ದಿನಗೂಲಿಯವನಿಗೆ ಒಂದು ವಾರ ದೊಡ್ಡದು, ನಾನು ಹೆಚ್ಚು ಹೇಳಲಾರದೆ ಹೋದೆ.

ಗಾಯದ ಆರೈಕೆ ಕಷ್ಟದ್ದಲ್ಲ. ಶುದ್ಧ ನೀರು, ಸಾಬೂನಿನಿಂದ ತೊಳೆದು, ತೆಳುವಾಗಿ ವ್ಯಾಸಲೀನ್ ಹಚ್ಚಿ, ಅಂಟದ ಬಟ್ಟೆಯಿಂದ ಮುಚ್ಚಿದರಾಯಿತು. “ಗಾಳಿಗೆ ಬಿಡು, ಒಣಗಲಿ” ಎಂಬುದು ಹಳೆಯ ನಂಬಿಕೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪ್ರಯೋಗ ಮಾಡಿ, ತೇವ ಉಳಿಸಿ ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆ ಎಂದು ತೋರಿಸಿದರು. ಗುಡ್ಡದಲ್ಲಿ ಸಿಗುವ ಕಮ್ಯುನಿಸ್ಟ್ ಗಿಡದ ಸೊಪ್ಪು ಹಿಂಡುವುದು ನಮ್ಮಲ್ಲಿ ರೂಢಿ. ಎಲೆಯಲ್ಲಿ ಮಣ್ಣಿರುವುದರಿಂದ ತೆರೆದ ಗಾಯಕ್ಕೆ ನಾನು ಅದನ್ನು ಹೇಳುವುದಿಲ್ಲ. ಧನುರ್ವಾತದ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಇದ್ದವರು ಕಣಕಾಲಿನ ಗಾಯವನ್ನು ಚಿಕ್ಕದೆಂದು ಬಿಡಲೇಬಾರದು, ಆ ಜಾಗ ಮೊದಲೇ ನಿಧಾನವಾಗಿ ಮಾಯುವಂಥದ್ದು. ಅಡಕೆಗೆ ಮದ್ದು ಬಿಡುವ ದಿನಗಳಲ್ಲಂತೂ ಮೈಲುತುತ್ತು, ಸುಣ್ಣದ ದ್ರಾವಣ ಕಾಲಿಗಿಳಿದು ಗಾಯವನ್ನು ಸುಡುತ್ತದೆ.

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಅಡಕೆ ಕೊಯ್ಯಬಹುದು, ಮದ್ದು ಬಿಡಬಹುದು. ವಿಟ್ಲದ ಕೇಂದ್ರದಿಂದ ಗಿಡ್ಡ ಅಡಕೆ ತಳಿಗಳೂ ಬಂದಿವೆ. ಆದರೂ ಎತ್ತರದ ತೆಂಗು ಇರುವಷ್ಟು ಕಾಲ ಯಾರಾದರೂ ಹತ್ತಲೇಬೇಕು.

ಕೊನೆಗೊಂದು ಮಾತನ್ನು ಮರ ಹತ್ತುವವರಿಗೂ ಅವರ ಮನೆಯವರಿಗೂ ಹೇಳಬೇಕು. ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಬರುವ ಇಲಿಜ್ವರದ ರೋಗಾಣು ಮೈಯೊಳಗೆ ಹೋಗುವುದು ಹೆಚ್ಚಾಗಿ ತರಚಿದ ಚರ್ಮದ ಮೂಲಕ. ಮಳೆಗಾಲದಲ್ಲಿ ಕಾಲು ತರಚಿಕೊಂಡು ತೋಟದ ಕಣಿಯಲ್ಲಿ ನಡೆದರೆ ಅದಕ್ಕೆ ಬಾಗಿಲು ತೆರೆದಂತೆ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಕಣ್ಣು ಕೆಂಪಾಗುವುದು, ಮೀನಖಂಡದಲ್ಲಿ ತಡೆಯಲಾರದ ನೋವು ಕಾಣಿಸಿಕೊಳ್ಳುತ್ತವೆ. ಮರ ಹತ್ತುವವನು ಆ ಕಾಲುನೋವನ್ನು ಕೆಲಸದ ದಣಿವೆಂದು ತಿಳಿದು ಮಲಗಿಬಿಡುತ್ತಾನೆ. ದಯವಿಟ್ಟು ಹಾಗೆ ಮಾಡಬೇಡಿ. ಜ್ವರ ಬಂದ ದಿನವೇ ಆರೋಗ್ಯ ಕೇಂದ್ರಕ್ಕೆ ಹೋಗಿ, ಮರ ಹತ್ತುವ ಕೆಲಸ ಮಾಡುತ್ತೇನೆಂದು ಹೇಳಿ, ಪ್ಯಾಂಟ್ ಮೇಲೆತ್ತಿ ಕಣಕಾಲಿನ ಗಾಯವನ್ನು ವೈದ್ಯರಿಗೆ ತೋರಿಸಿ.