ನೊಗ ಕಾಣದ ಎತ್ತುಗಳು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸ ನಾಯಕರ ಹಟ್ಟಿಗಳಲ್ಲಿ ‘ದೇವರ ಎತ್ತು’ಗಳೆಂಬ ಹಿಂಡುಗಳಿವೆ. ಅವುಗಳ ಹೆಗಲಿಗೆ ನೊಗವಿಡುವುದಿಲ್ಲ. ಅವನ್ನು ಮಾರುವುದೂ ಇಲ್ಲ. ಸತ್ತರೆ ವಿಧಿಪೂರ್ವಕವಾಗಿ ಮಣ್ಣು ಮಾಡುತ್ತಾರೆ. ಬರ ಬಂದಾಗ ಕಿಲಾರಿಯು ಹಿಂಡಿನೊಡನೆ ಮೇವು, ನೀರು ಅರಸಿ ಅಲೆಯುತ್ತಾನೆ. ದುಡಿಯದ ಪಶುವಿಗೇಕೆ ಇಷ್ಟು ಪಾಡು? ಅದು ಮನುಷ್ಯನ ಸ್ವತ್ತಲ್ಲ, ದೇವರದು ಎಂಬುದೇ ಅವರ ನಂಬಿಕೆ.

ಪಶುವಿನ ಸ್ಥಾನವೇನೆಂಬ ಪ್ರಶ್ನೆ ಯುರೋಪಿನ ಪಂಡಿತರನ್ನೂ ಕಾಡಿತ್ತು. ತಾನು ಬೆಕ್ಕಿನೊಡನೆ ಆಡುವಾಗ ಬೆಕ್ಕೇ ತನ್ನನ್ನು ಆಡಿಸುತ್ತಿದೆಯೋ ಏನೋ ಎಂದು ಹದಿನಾರನೆಯ ಶತಮಾನದಲ್ಲಿ ಮೊಂತೇನ್ ಶಂಕಿಸಿದನು. 1637ರಲ್ಲಿ ದೇಕಾರ್ತನು, ಪ್ರಾಣಿಗಳಿಗೆ ವಿವೇಕವಿಲ್ಲ, ಅವು ಗಡಿಯಾರದಂತೆ ನಡೆಯುವುವು ಎಂದು ಬರೆದನು. ಪ್ರಾಣಿಯ ಆತ್ಮವೂ ನಮ್ಮದರಂತೆಯೇ ಎಂದರೆ, ನೊಣ, ಇರುವೆಗಳಂತೆ ತಮಗೂ ಪರಲೋಕದ ಭಯವಿಲ್ಲವೆಂದು ಜನ ಧರ್ಮಗೆಡುವರೆಂಬ ಅಳುಕೂ ಅವನಿಗಿತ್ತು.

ಶೈವಾಗಮಗಳಿಗೆ ಈ ಅಳುಕಿಲ್ಲ. ಅಲ್ಲಿ ‘ಪಶು’ವೆಂದರೆ ಪಾಶಬದ್ಧವಾದ ಜೀವ, ಪತಿಯು ಶಿವನೊಬ್ಬನೇ. ಆ ಅರ್ಥದಲ್ಲಿ ಕೊರಳಿಗೆ ಹಗ್ಗ ಬಿಗಿದವನೂ ಪಶುವೇ! ‘ವೃಷಭ’ದ ತದ್ಭವವೇ ‘ಬಸವ’. 1369ರಲ್ಲಿ ಭೀಮಕವಿ ರಚಿಸಿದ ಬಸವಪುರಾಣವು ಅಣ್ಣನವರನ್ನು ನಂದಿಯ ಅವತಾರವೆಂದೇ ಕಂಡಿತು. ಸೋಮವಾರ ಆರು ಕಟ್ಟಬಾರದೆಂಬ ನೇಮವನ್ನು ನಮ್ಮ ಹಿರಿಯರು ಪಾಲಿಸುತ್ತಿದ್ದರು. ಆದರೆ ಸೋಮವಾರ ಬಿಡುವು ಕೊಟ್ಟ ಎತ್ತನ್ನೇ ಮುಪ್ಪಿನಲ್ಲಿ ಸಂತೆಗೆ ಹೊಡೆದವರು ನಮ್ಮಲ್ಲಿ ಇಲ್ಲವೆ? ಈ ವಿಷಯದಲ್ಲಿ ಶಾಸ್ತ್ರ ಓದದ ಕಿಲಾರಿಯೇ ನಮಗಿಂತ ಮುಂದೆ ನಡೆದಿದ್ದಾನೆ ಎನ್ನಬೇಕಾಗುತ್ತದೆ.

ನಂಬಿಕೆ ಎಷ್ಟೇ ದೊಡ್ಡದಿರಲಿ, ದೇವರ ಎತ್ತಿಗೂ ಹುಲ್ಲು ಬೇಕು. ಮೈಸೂರಿನ ಅರಸರು ದಂಡಿನ ಸಾಮಾನು ಎಳೆಯುವ ದನಗಳಿಗಾಗಿ ಈ ನಾಡಿನಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಆಳ್ವಿಕೆಯಲ್ಲಿ ‘ಅಮೃತ ಮಹಲ್’ ಆಯಿತು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಕುದಾಪುರಗಳ ಅಮೃತ ಮಹಲ್ ಕಾವಲುಗಳಲ್ಲಿ ಸುತ್ತಲಿನ ಹಳ್ಳಿಗಳ ದನ, ಕುರಿಗಳೂ ಮೇಯುತ್ತಿದ್ದವು. ಈ ಶತಮಾನದ ಮೊದಲ ದಶಕದ ಕೊನೆಯಿಂದೀಚೆಗೆ ತಾಲ್ಲೂಕಿನ ಇಂಥ ನೆಲದಲ್ಲಿ ಸುಮಾರು 10,000 ಎಕರೆ ವಿಜ್ಞಾನ ಹಾಗೂ ರಕ್ಷಣಾ ಸಂಶೋಧನೆಯಂಥ ಕಾರ್ಯಗಳಿಗೆ ಹೋಯಿತು. ವ್ಯಾಜ್ಯವು ಹಸಿರು ನ್ಯಾಯಮಂಡಳಿಯವರೆಗೂ ನಡೆಯಿತು. ಹಿಂದೆ ಹುಲ್ಲು ಬೆಳೆದಿದ್ದ ಕಡೆ ಈಗ ಉದ್ದಕ್ಕೂ ಗೋಡೆ ನಿಂತಿದೆ. ವಿಜ್ಞಾನ ಬೇಡವೆಂದು ಯಾರೂ ಹೇಳರು. ಆದರೆ ನೆಲವನ್ನು ಅಳೆದಾಗ ಮೇಯುವ ಬಾಯಿಗಳನ್ನು ಎಣಿಸಿದಂತೆ ಕಾಣದು.

ಕಣದಲ್ಲಿ ಶೇಂಗಾ ಬಳ್ಳಿ ಉಳಿದಿರುವ ನಮ್ಮ ಮನೆಗಳವರು, ಬೇಸಿಗೆ ಬಲಿಯುವ ಮುನ್ನ, ಹತ್ತಿರದ ಹಟ್ಟಿಯ ಕಿಲಾರಿಯನ್ನು ಒಮ್ಮೆ ವಿಚಾರಿಸಿ ಬರಬಹುದು.