ಕಂಪ್ಯೂಟರು ಮುದಿಯಾಯಿತೋ, ಅತಿಥಿಗಳು ಹೆಚ್ಚಾದರೋ?

ಹೊಳೆನರಸೀಪುರದಲ್ಲಿರುವ ನನ್ನ ತಂಗಿಯ ಮನೆಯಿಂದ ಒಂದು ಮಧ್ಯಾಹ್ನ ಹಾಸನಕ್ಕೆ ಫೋನು ಬಂದಿತು. ಅವಳ ಮಗಳು ನೌಕರಿಯ ಪರೀಕ್ಷೆಯೊಂದಕ್ಕೆ ಅರ್ಜಿ ತುಂಬಬೇಕಾಗಿತ್ತು. ಅಂದೇ ಕಡೆಯ ದಿನ. ಹೆಸರು, ಹುಟ್ಟಿದ ದಿನಾಂಕ, ಅಂಕಗಳು ಎಲ್ಲವನ್ನೂ ತುಂಬಿ ಮುಂದಿನ ಪುಟಕ್ಕೆ ಹೋಗಬೇಕೆನ್ನುವಷ್ಟರಲ್ಲಿ ಕಂಪ್ಯೂಟರು ಕಂಬದಂತೆ ನಿಂತುಬಿಡುತ್ತಿತ್ತು. ಮೂರು ಸಲ ತುಂಬಿ, ಮೂರು ಸಲವೂ ವ್ಯರ್ಥವಾಗಿ, ಹುಡುಗಿ ಅಳುವ ಸ್ಥಿತಿಗೆ ಬಂದಿದ್ದಳು.

ಬಂಧುಗಳಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅರಕಲಗೂಡಿನ ಚಿಕ್ಕಪ್ಪನವರು, "ಐದು ವರ್ಷದ ಯಂತ್ರ, ಮುದಿಯಾಗಿದೆ, ಹೊಸದು ಕೊಳ್ಳಿ" ಎಂದರು. ಚನ್ನರಾಯಪಟ್ಟಣದ ನನ್ನ ಭಾವಮೈದುನನು, "ಎಲ್ಲ ಇಂಟರ್‌ನೆಟ್ಟಿನದೇ ದೋಷ" ಎಂದು ತೀರ್ಪು ಕೊಟ್ಟನು. ಹೊಸ ಕಂಪ್ಯೂಟರೆಂದರೆ ತಂಗಿಯ ಮನೆಯ ಒಂದು ತಿಂಗಳ ಸಂಬಳ!

ದೋಷವೆಲ್ಲಿ?

ರೋಗವನ್ನು ತಿಳಿಯದೆ ಔಷಧ ಕೊಡುವುದು ಸಲ್ಲದು. ನಾನು ಸೋದರಸೊಸೆಗೆ ಎರಡೇ ಪ್ರಶ್ನೆ ಕೇಳಿದೆ.

"ಏನಮ್ಮ, ಮನೆಯ ಅದೇ ವೈಫೈಯಿಂದ ಮೊಬೈಲಿನಲ್ಲಿ ಆ ಪುಟ ತೆರೆಯುತ್ತದೆಯೇ?"

"ಕೂಡಲೇ ತೆರೆಯುತ್ತದೆ, ಮಾವ. ಆದರೆ ನನ್ನ ಫೋಟೋ, ಸಹಿ ಎಲ್ಲ ಕಂಪ್ಯೂಟರಿನಲ್ಲಿವೆ."

"ಬ್ರೌಸರನ್ನು ಮುಚ್ಚಿ ಪತ್ರ ಟೈಪು ಮಾಡಿದರೆ ಯಂತ್ರ ತಡೆಯುತ್ತದೆಯೇ?"

"ಇಲ್ಲ ಮಾವ, ಚುರುಕಾಗಿಯೇ ಇದೆ."

ಇಂಟರ್‌ನೆಟ್ಟೂ ಯಂತ್ರವೂ ಬಹುಮಟ್ಟಿಗೆ ನಿರ್ದೋಷಿಗಳೆಂದಾಯಿತು. ಉಳಿದದ್ದು ಅಂತರಜಾಲದ ಪುಟಗಳನ್ನು ತೋರಿಸುವ ಬ್ರೌಸರು. ಅವಳು ಬಳಸುತ್ತಿದ್ದುದು ಕ್ರೋಮ್. ಕಂಟ್ರೋಲ್, ಶಿಫ್ಟ್, ಎನ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿಸಿ 'ಇನ್‌ಕಾಗ್ನಿಟೊ' ಎಂಬ ಪ್ರತ್ಯೇಕ ಕಿಟಕಿಯನ್ನು ತೆರೆಸಿದೆ. ಅರ್ಜಿಯ ಪುಟ ನೀರು ಹರಿದಂತೆ ಸಾಗಿತು. ದೀಪ ಹಚ್ಚುವ ಹೊತ್ತಿಗೆ ಅರ್ಜಿ ಸಲ್ಲಿಕೆಯಾಗಿತ್ತು.

ಇದರ ಗುಟ್ಟೇನು? ನಾವಾಗಿ ಅನುಮತಿ ಕೊಡದ ಹೊರತು, ಬ್ರೌಸರಿಗೆ ಸೇರಿಸಿಕೊಂಡ ಉಪಾಂಗಗಳು ಆ ಕಿಟಕಿಯಲ್ಲಿ ಕೆಲಸ ಮಾಡುವುದಿಲ್ಲ. ಅಪರಾಧಿ ಅವುಗಳಲ್ಲೊಂದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು.

ಈ ಅತಿಥಿಗಳು ಯಾರು?

ಹಿಂದೆ ಚಲಿಸುವ ಚಿತ್ರಗಳನ್ನು ತೋರಿಸಲು ಬ್ರೌಸರಿಗೆ ಫ್ಲ್ಯಾಶ್ ಎಂಬ 'ಪ್ಲಗ್ಇನ್' ಬೇಕಾಗುತ್ತಿತ್ತು. 2020ರ ಡಿಸೆಂಬರ್ 31ಕ್ಕೆ ಅದರ ಕಾಲ ಮುಗಿಯಿತು. ಇಂದು ಜನ ಪ್ಲಗ್ಇನ್ ಎನ್ನುವುದು ಸಾಮಾನ್ಯವಾಗಿ 'ಎಕ್ಸ್‌ಟೆನ್ಷನ್' ಎಂಬ ಕಿರು ಉಪಾಂಗವನ್ನು. ಜಾಹೀರಾತು ತಡೆಯಲು ಒಂದು, ಕಾಗುಣಿತ ತಿದ್ದಲು ಒಂದು, ರಿಯಾಯಿತಿ ಹುಡುಕಲು ಇನ್ನೊಂದು. ಇವುಗಳಲ್ಲಿ ಅನೇಕವು ನಾವು ತೆರೆಯುವ ಪ್ರತಿಯೊಂದು ಪುಟದೊಳಕ್ಕೂ ನುಗ್ಗಿ ಅದನ್ನು ಪರಿಶೀಲಿಸುತ್ತವೆ; ಯಂತ್ರದ ಸ್ಮೃತಿಯನ್ನೂ ಶಕ್ತಿಯನ್ನೂ ಬಳಸಿಕೊಳ್ಳುತ್ತವೆ. ಒಂದೇ ಕೆಲಸಕ್ಕೆ ಎರಡನ್ನು ಇಟ್ಟುಕೊಂಡರಂತೂ ಹೊರೆ ಇಮ್ಮಡಿ.

ನಾಲೆಯ ಕೊನೆಯ ಗದ್ದೆಗೆ ಹೇಮಾವತಿಯ ನೀರು ತಲುಪದಿದ್ದರೆ ಗೊರೂರಿನ ಜಲಾಶಯ ಬರಿದಾಗಿದೆಯೆಂದೇ ಅರ್ಥವಲ್ಲ; ನಡುದಾರಿಯಲ್ಲಿ ಯಾರೋ ನೀರು ತಿರುಗಿಸಿಕೊಂಡಿರಲೂಬಹುದು!

ಪತ್ತೆಯ ಬಗೆ

ಮರುದಿನ ನಾನೇ ಹೊಳೆನರಸೀಪುರಕ್ಕೆ ಹೋದೆ. ಕ್ರೋಮ್ ಮತ್ತು ಎಡ್ಜ್ ಬ್ರೌಸರುಗಳಲ್ಲಿ ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ಎಂಬ ಪಟ್ಟಿ ಕಾಣುತ್ತದೆ. ಯಾವ ಪುಟ, ಯಾವ ಉಪಾಂಗ ಎಷ್ಟು ಸ್ಮೃತಿಯನ್ನು ನುಂಗುತ್ತಿದೆಯೆಂಬ ಲೆಕ್ಕ ಅಲ್ಲಿ ಸಿಗುತ್ತದೆ. ಫೈರ್‌ಫಾಕ್ಸಿನವರು ಸಹಾಯದ ಮೆನುವಿನಲ್ಲಿರುವ 'ಟ್ರಬಲ್‌ಶೂಟ್ ಮೋಡ್' ಬಳಸಿ, ಉಪಾಂಗಗಳಿಲ್ಲದೆ ಬ್ರೌಸರನ್ನು ನಡೆಸಿ ನೋಡಬಹುದು.

ಪಟ್ಟಿಯಿಂದ ತಿಳಿಯದಿದ್ದರೆ ಇನ್ನೊಂದು ಉಪಾಯವುಂಟು. ಉಪಾಂಗಗಳ ಪುಟದಲ್ಲಿ ಪ್ರತಿಯೊಂದಕ್ಕೂ ಒಂದು ಸ್ವಿಚ್ಚಿದೆ. ಹನ್ನೆರಡಿದ್ದರೆ ಆರನ್ನು ಆರಿಸಿ ನೋಡಿರಿ. ವೇಗ ಮರಳಿದರೆ ಕಳ್ಳನು ಆ ಆರರಲ್ಲಿದ್ದಾನೆ; ಇಲ್ಲವಾದರೆ ಉಳಿದ ಆರರಲ್ಲಿ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ, ಕಳ್ಳನು ಒಬ್ಬನೇ ಆಗಿದ್ದಲ್ಲಿ ನಾಲ್ಕು ಪ್ರಯತ್ನಗಳೊಳಗೆ ಸಿಕ್ಕಿಬೀಳುತ್ತಾನೆ.

ನಮ್ಮ ಕೈಗೆ ಸಿಕ್ಕಿದ್ದು ರಿಯಾಯಿತಿ ಕೂಪನ್ನುಗಳನ್ನು ಹುಡುಕಿಕೊಡುವ ಒಂದು ಉಪಾಂಗ. ತಂಗಿಯ ಮಗ ಎಂದೋ ಶೂ ಕೊಳ್ಳುವಾಗ ಹಾಕಿ ಮರೆತಿದ್ದನು!

ವೇಗಕ್ಕಿಂತ ದೊಡ್ಡ ಮಾತು

"ಎಲ್ಲ ಜಾಲತಾಣಗಳ ಮಾಹಿತಿಯನ್ನು ಓದಲು, ಬದಲಿಸಲು" ಅನುಮತಿ ಪಡೆದ ಉಪಾಂಗವು ನಮ್ಮ ಅರ್ಜಿಯ ಪುಟವನ್ನೂ ಓದಬಲ್ಲದು, ಬ್ಯಾಂಕಿನ ಪುಟವನ್ನೂ ಓದಬಲ್ಲದು. ಆದುದರಿಂದ ಇದು ಕೇವಲ ನಿಧಾನದ ಪ್ರಶ್ನೆಯಲ್ಲ. 'ದಿ ಗ್ರೇಟ್ ಸಸ್ಪೆಂಡರ್' ಎಂಬ ಉಪಾಂಗದ ಕಥೆಯನ್ನೇ ನೋಡಿರಿ. ಬಳಸದ ಪುಟಗಳನ್ನು ಮಲಗಿಸಿ ಸ್ಮೃತಿಯನ್ನು ಉಳಿಸುವುದೇ ಅದರ ಕೆಲಸ. 20 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ನಂಬಿದ್ದರು. 2020ರಲ್ಲಿ ಅದರ ಒಡೆತನ ಕೈ ಬದಲಾಯಿತು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಹಾನಿಕರವಾದ ಅಂಶವಿದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ನೆನ್ನೆಯ ಸಜ್ಜನ ಅತಿಥಿ ಇಂದೂ ಸಜ್ಜನನಾಗಿಯೇ ಇರುವನೆಂಬ ಭರವಸೆಯಿಲ್ಲ. ಅಂದಹಾಗೆ, ಪುಟಗಳನ್ನು ಮಲಗಿಸುವ ಆ ಸೌಕರ್ಯ ಈಗ ಕ್ರೋಮ್‌ನಲ್ಲಿಯೇ ಇದೆ.

ಬೇಕಾದವನ್ನು ಮಾತ್ರ ಇಟ್ಟುಕೊಂಡು ಉಳಿದವನ್ನು ತೆಗೆಯಿರಿ. ಪಾಸ್‌ವರ್ಡುಗಳನ್ನು ಕಾಪಾಡುವ ಉಪಾಂಗವಿದ್ದರೆ, ಅವು ಬೇರೆಡೆ ಭದ್ರವಾಗಿವೆಯೆಂದು ನೋಡಿಕೊಂಡೇ ಅದಕ್ಕೆ ಕೈಹಾಕಿರಿ. ಎಲ್ಲವನ್ನೂ ಆರಿಸಿದ ಮೇಲೂ ಕಂಪ್ಯೂಟರು ನಿಧಾನವೇ ಆದರೆ, ಆಗ ಯಂತ್ರದ ವಯಸ್ಸಿನ ಮಾತೆತ್ತಬಹುದು.

ಈ ವೃತ್ತಾಂತವನ್ನು ಕೇಳಿದ ಅರಕಲಗೂಡಿನ ಚಿಕ್ಕಪ್ಪನವರು ತಮ್ಮ ಕಂಪ್ಯೂಟರನ್ನೂ ತೆರೆದು ನೋಡಿದರಂತೆ. ಹದಿನಾಲ್ಕು ಅತಿಥಿಗಳು! ಹೊಸ ಯಂತ್ರ ಕೊಳ್ಳಲು ಎತ್ತಿಟ್ಟಿದ್ದ ಹಣ ಈಗ ಚಿಕ್ಕಮ್ಮನವರ ಕೈ ಸೇರಿದೆ.