ರಕ್ತದ ಲೆಕ್ಕ, ಮೂಳೆಯ ಸಾಲ: ರಾಯದುರ್ಗ–ಮಡಕಶಿರಾ ಸೀಮೆಯ ಫ್ಲೋರೈಡ್ ಮತ್ತು ಕ್ಯಾಲ್ಸಿಯಂ

ಇವತ್ತು ಒಂದೇ ಪ್ರಶ್ನೆ ತೆಗೆದುಕೊಳ್ತೇನೆ: ನೀರಿನಲ್ಲಿರುವ ಫ್ಲೋರೈಡ್ ಮೂಳೆಗೆ ಮಾಡುವ ಹಾನಿಗೂ ತಟ್ಟೆಯಲ್ಲಿರುವ ಕ್ಯಾಲ್ಸಿಯಂಗೂ ಏನು ಸಂಬಂಧ?

ರಾಯದುರ್ಗ, ಮಡಕಶಿರಾ ಎರಡೂ ಕನ್ನಡ–ತೆಲುಗು ಬೆರೆತ ಗಡಿ ಸೀಮೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಅದಕ್ಕೂ ಮುಂಚೆ ಅನಂತಪುರ ಜಿಲ್ಲೆಯಲ್ಲೇ ಇತ್ತು. ಇಲ್ಲಿ ಮಳೆ ಕಡಿಮೆ, ನೆಲದಡಿ ಗ್ರಾನೈಟ್, ನೈಸ್ ಬಂಡೆ. ಬಂಡೆಯ ಖನಿಜಗಳಿಂದ ಫ್ಲೋರೈಡ್ ಕರಗಿ ಬೋರ್‌ವೆಲ್ ನೀರಿಗೆ ಸೇರುತ್ತೆ. ನಮ್ಮ ದೇಶದ ಮಾನದಂಡದಂತೆ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಈ ಸೀಮೆಯ ಹಲವು ಊರುಗಳ ಬೋರ್‌ವೆಲ್ ನೀರು ಈ ಮಿತಿ ದಾಟಿದೆ.

ಈಗ ದೇಹದೊಳಗೆ ಬರೋಣ. ನಮ್ಮ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಮೂಳೆ, ಹಲ್ಲುಗಳಲ್ಲಿದೆ. ಆದರೆ ದೇಹ ಕಾಯುವುದು ರಕ್ತದಲ್ಲಿರುವ ಚೂರನ್ನು: 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಅದು ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರುತ್ತದೆ. ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತುಂಬುತ್ತದೆ. ಹಾಗಾಗಿ ರಕ್ತಪರೀಕ್ಷೆಯ ಚೀಟಿಯಲ್ಲಿ ‘ನಾರ್ಮಲ್’ ಅಂತ ಇದ್ದರೂ ಮೂಳೆ ಸವೆಯುತ್ತಿರಬಹುದು.

ಫ್ಲೋರೈಡ್ ಇದಕ್ಕೆ ಇನ್ನೊಂದು ಹೊರೆ ಹಾಕುತ್ತೆ. ಅದು ಮೂಳೆಯ ಹರಳಿನೊಳಗೆ ಸೇರಿಕೊಂಡು ಹೊಸ ಮೂಳೆ ಬೆಳೆಯಲು ಪ್ರಚೋದಿಸುತ್ತದೆ. ಹೊಸ ಮೂಳೆಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಿಗದಿದ್ದರೆ ಹಳೆ ಮೂಳೆಯೇ ಸಾಲ ಕೊಡಬೇಕು! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರ್ಣಿಸಿದ್ದು ಇಂಥದೇ ಚಿತ್ರ: ಫ್ಲೋರೋಸಿಸ್ ಪ್ರದೇಶದಲ್ಲಿ ಮಂಡಿಗಳು ಒಂದಕ್ಕೊಂದು ತಾಗುವಂತೆ ಕಾಲು ಬಾಗಿದವರು, ಬೆನ್ನುಮೂಳೆ ಗಟ್ಟಿ, ಕೈಕಾಲಿನ ಮೂಳೆ ಮಾತ್ರ ಟೊಳ್ಳು.

ಸಾಕಷ್ಟು ಕ್ಯಾಲ್ಸಿಯಂ ಇದ್ದರೆ ಎರಡು ಕಡೆ ಲಾಭ. ಕರುಳಿನಲ್ಲೇ ಅದು ಸ್ವಲ್ಪ ಫ್ಲೋರೈಡನ್ನು ಹಿಡಿದು ಮಲದ ಜೊತೆ ಹೊರಗೆ ಕಳಿಸುತ್ತದೆ. ಮೂಳೆಯ ಸಾಲವೂ ಕಡಿಮೆಯಾಗುತ್ತದೆ. ಇಲ್ಲಿ ರಾಗಿಮುದ್ದೆಯ ವಿಷಯ ಬರುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಅಕ್ಕಿಯಲ್ಲಿ ಸುಮಾರು 10 ಮಾತ್ರ. ರಾಗಿಯಲ್ಲಿ ಫೈಟೇಟ್ ಇರೋದರಿಂದ ಅಷ್ಟೂ ಮೈಗೆ ಹತ್ತೋದಿಲ್ಲ ನಿಜ. ಆದರೂ ಮುದ್ದೆ ಬಿಟ್ಟು ಬರೀ ಅನ್ನಕ್ಕೆ ಬಂದ ಮನೆಯಲ್ಲಿ, ಹಾಲು–ಮಜ್ಜಿಗೆಯೂ ಕಡಿಮೆಯಿದ್ದರೆ, ಬೆಳೆಯುವ ಮಕ್ಕಳಿಗೆ ಅಪಾಯ ಹೆಚ್ಚು.

ಒಂದು ಎಚ್ಚರಿಕೆ. ರಾಗಿ ತಿಂದರೆ ಫ್ಲೋರೈಡ್ ನೀರು ಕುಡಿಯಬಹುದು ಅಂತ ಇದರ ಅರ್ಥ ಅಲ್ಲ. ನೀರು ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತೆ. ಶುದ್ಧ ನೀರು ಮೊದಲ ಚಿಕಿತ್ಸೆ, ಆಹಾರ ಅದರ ಜೊತೆಗಾರ. ನಾವು ಕ್ಷೇತ್ರಕಾರ್ಯಕ್ಕೆ ಹೋದಾಗ ನೀರಿನ ಮಾದರಿ ಮಾತ್ರ ತಂದರೆ ಸಾಲದು, ಆ ಮನೆಯವರು ಏನು ಉಣ್ಣುತ್ತಾರೆ ಅಂತಲೂ ಕೇಳಿ ಬರೆದುಕೊಳ್ಳಬೇಕು.